ಸೊಂಟದ ಕೀಲಿನ ಗುಳಿ ಮುರಿದಾಗ

ತೊಡೆಮೂಳೆಯ ಚೆಂಡಿನಂಥ ತುದಿ ಕೂರುವ ಸೊಂಟದ ಗುಳಿ ಹೆಚ್ಚಾಗಿ ಮುರಿಯುವುದು ವಾಹನ ಅಪಘಾತದಲ್ಲಿ. ವಯಸ್ಸಾದವರು ಜಾರಿಬಿದ್ದರೂ ಸಾಕು. ಕಾರಿನ ಡ್ಯಾಶ್‌ಬೋರ್ಡಿಗೆ ಮೊಣಕಾಲು ಬಡಿದರೆ ಆ ಪೆಟ್ಟು ತೊಡೆಮೂಳೆಯುದ್ದಕ್ಕೂ ಸಾಗಿ ಗುಳಿಯ ಹಿಂಗೋಡೆಯನ್ನು ಒಡೆಯುತ್ತದೆ. ಕೀಲು ತಪ್ಪಿದ್ದರೆ ಕೆಲವೇ ಗಂಟೆಗಳಲ್ಲಿ ಕೂರಿಸಬೇಕು. ತಡವಾದಷ್ಟೂ ರಕ್ತ ಪೂರೈಕೆ ನಿಂತು ಮೂಳೆ ಸಾಯುವ ಅಪಾಯ ಹೆಚ್ಚು. ಮುರಿತವನ್ನು ಸರಿಯಾಗಿ ಗುರುತಿಸಲು ನೇರ ಎಕ್ಸ್‌ರೇ ಒಂದೇ ಸಾಲದು. 45 ಡಿಗ್ರಿ ಓರೆಯ ಎರಡು ಚಿತ್ರಗಳು, ಸಿ.ಟಿ. ಸ್ಕ್ಯಾನ್ ಬೇಕು. ಫ್ರಾನ್ಸಿನ ಶಸ್ತ್ರವೈದ್ಯರಾದ ಜೂದೆ, ಲೆತೂರ್ನೆಲ್ 1964ರಲ್ಲಿ ಪ್ರಕಟಿಸಿದ ಈ ಮುರಿತಗಳ ವರ್ಗೀಕರಣವೇ ಇಂದಿಗೂ ಆಧಾರ. ಭಾರ ಹೊರುವ ಭಾಗದಲ್ಲಿ ತುಂಡುಗಳು 2 ಮಿ.ಮೀ.ಗಿಂತ ಹೆಚ್ಚು ಸರಿದಿದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಮಾಡಿ ಪ್ಲೇಟು, ಸ್ಕ್ರೂಗಳಿಂದ ಬಿಗಿಯುತ್ತಾರೆ. 2–3 ವಾರ ದಾಟಿದರೆ ಜೋಡಣೆ ಬಹಳ ಕಷ್ಟ. ನಾಟಿ ಕಟ್ಟು ಕಟ್ಟಿಸಿ ಕಾಯುವವರಿಗೆ ಆಗುವ ನಷ್ಟ ಇದೇ. ಚಿಕಿತ್ಸೆಯ ಬಳಿಕವೂ ಸುಮಾರು 8ರಿಂದ 12 ವಾರ ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ.