ಕರ್ಣಾಟಕ ಬ್ಯಾಂಕ್ ಷೇರಿಗೆ ಯಾವ ಆ್ಯಪ್? ಮಾರುವ ದಿನದ ಖರ್ಚನ್ನೂ ಕೇಳಿ

ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಷೇರಿನ ಮಾತು ಈಗ ಟೀ ಅಂಗಡಿಗೂ ಬಂದಿದೆ. ಕರ್ಣಾಟಕ ಬ್ಯಾಂಕ್ 1924ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ್ದು, ನಮ್ಮದೇ ಬ್ಯಾಂಕು, ನಾಲ್ಕು ಷೇರು ಇರಲಿ ಅನ್ನುವವರಿದ್ದಾರೆ. ಜೆರೋಧಾನೋ, ಗ್ರೋನೋ, ಏಂಜೆಲ್ ಒನ್ನೋ ಎಂದು ಹೋಲಿಸುವಾಗ ಹೆಚ್ಚಿನವರು ನೋಡುವುದು ಕೊಳ್ಳುವ ದಿನದ ಶುಲ್ಕ ಮಾತ್ರ. ಮಾರುವ ದಿನದ್ದನ್ನೂ ನೋಡಿ ಎಂಬುದು ನಮ್ಮ ಮಾತು.

ಷೇರು ಮಾರಿದಾಗ ಡಿಮ್ಯಾಟ್ ಖಾತೆಯಿಂದ ‘ಡಿಪಿ ಚಾರ್ಜ್’ ಹಿಡಿಯುತ್ತಾರೆ. ಒಂದು ಕಂಪನಿಯ 5 ಷೇರು ಮಾರಿದರೂ 500 ಮಾರಿದರೂ ದಿನಕ್ಕೆ ಅದು ಒಂದೇ. 15 ರೂಪಾಯಿ ಎಂದಿಟ್ಟುಕೊಳ್ಳಿ: ಸಾವಿರದ ಷೇರು ಮಾರಿದವರಿಗೆ ನೂರಕ್ಕೆ ಒಂದೂವರೆ ರೂಪಾಯಿ ಹೋಯಿತು, 50 ಸಾವಿರದವರಿಗೆ ಬರೀ 3 ಪೈಸೆ. ಚೂರುಚೂರು ಮಾರುವ ಬಡವರಿಗೇ ಹೊರೆ. ಎಸ್‌ಟಿಟಿ ತೆರಿಗೆ ಮಾತ್ರ ಎಲ್ಲ ಆ್ಯಪಿನಲ್ಲೂ ಒಂದೇ.

ವಾರ್ಷಿಕ ಶುಲ್ಕವನ್ನೂ ಕೇಳಿ. ನಿಮಗೆ ಒಂದೇ ಡಿಮ್ಯಾಟ್ ಇದ್ದು, ಷೇರು 4 ಲಕ್ಷದೊಳಗಿದ್ದರೆ ಸೆಬಿಯ ಮೂಲ ಸೇವಾ ಖಾತೆಗೆ ಆ ಶುಲ್ಕವಿಲ್ಲ. ಆಫರ್ ನೋಡಿ ಎರಡನೇ ಖಾತೆ ತೆರೆದರೆ ಈ ಸೌಲಭ್ಯ ತಪ್ಪುತ್ತದೆ.

ಕೊನೆಗೆ, ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಅದೇ ಬ್ಯಾಂಕಿನ ಷೇರಿಗಿಲ್ಲ. ಮಕ್ಕಳ ಫೀಸಿನ ಹಣ, ಜಮೀನಿನ ಪರಿಹಾರದ ಹಣ ಇಲ್ಲಿ ಹಾಕಬೇಡಿ. ಬೆಲೆ ಬಿದ್ದರೆ ಯಾವ ಆ್ಯಪೂ ತುಂಬಿಕೊಡುವುದಿಲ್ಲ.