ಮುಗ್ಗಟ್ಟಿನ ನೆಪ, ಕೂಲಿಗೆ ಕತ್ತರಿ

ತಾರಸಿಗೆ ಕಾಂಕ್ರೀಟ್ ಹಾಕಲು ತೊಡಗಿದರೆ ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಮಾಲು ಪಂಪಿನ ಪೈಪಿನಲ್ಲೇ ಗಟ್ಟಿಯಾಗುತ್ತದೆ. ಹುಣಸೂರಾಗಲಿ, ಪಿರಿಯಾಪಟ್ಟಣವಾಗಲಿ, ಕೆ.ಆರ್. ನಗರವಾಗಲಿ, ಎಚ್.ಡಿ. ಕೋಟೆಯಾಗಲಿ, ಹೊತ್ತು ಮುಳುಗಿದರೂ ಕೂಲಿಕಾರ ದುಡಿಯಲೇಬೇಕು.

ಹೆಚ್ಚಿನ ಹೊತ್ತಿಗೆ ಇಮ್ಮಡಿ ಕೂಲಿಯೆಂದು ಗಿರಣಿಯವರಿಗೆ 1948ರ ಕಾರ್ಖಾನೆ ಕಾಯಿದೆ, ಕಟ್ಟಡದವರಿಗೆ 1996ರ ಕಾಯಿದೆ ವಿಧಿಸಿದವು. 2020ರ ಸಂಹಿತೆಯೂ ಅದನ್ನೇ ಹೇಳಿತು. ಆದರೆ ಕೆಲಸ ಕುಸಿದಿದೆ, ಇಮ್ಮಡಿ ಆಗದೆಂಬುದು ಗುತ್ತಿಗೆದಾರರ ಹಳೆಯ ರಾಗ. 2020ರಲ್ಲಿ ಗುಜರಾತ್ ಸರ್ಕಾರವೂ ಇದೇ ಮುಗ್ಗಟ್ಟಿನ ಹೆಸರಿನಲ್ಲಿ ಕಾರ್ಖಾನೆಯವರ ಇಮ್ಮಡಿ ಕೂಲಿಯನ್ನು ಕಸಿದಿತ್ತು. ಅದೇ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದುಮಾಡಿ, ಬಾಕಿ ಕೊಡಬೇಕೆಂದಿತು.

ವರ್ತಕ ಬಂಧುಗಳೇ, ಕೂಲಿ ಕಡಿದರೆ ಬೆಳೆಯುವುದು ನಿಮ್ಮ ಅಂಗಡಿಯ ಸಾಲದ ಪುಸ್ತಕವೇ. ಮುಗ್ಗಟ್ಟು ಕೂಲಿಕಾರ ತಂದದ್ದಲ್ಲ. ಅದರ ದಂಡವನ್ನು ಅವನೇಕೆ ತೆರಬೇಕು? ದುಡಿಯುವ ಬಂಧುಗಳೇ, ಗಂಟೆಯ ಲೆಕ್ಕ ಬರೆದಿಡಿ, ಒಟ್ಟಾಗಿ ಕೇಳಿ. ನಾವು ನಿಮ್ಮೊಡನಿದ್ದೇವೆ.