ಅವಸರವಿಲ್ಲದ ದಿನ, ಹೊತ್ತಿಗೆ ಸರಿಯಾದ ಊಟ

ಪ್ರವಾಸದಲ್ಲಿ ಆರೋಗ್ಯ ಕೆಡುವುದು ಓಡಾಟ ಹೆಚ್ಚಾದ ದಿನಗಳಲ್ಲಿ ಎಂದು ನಾವೆಲ್ಲ ನಂಬಿದ್ದೇವೆ. ಬೆಳಗಿನ ಜಾವ ಎದ್ದು ಬಸ್ಸು ಹಿಡಿದು ದಿನಕ್ಕೆ ಐದಾರು ಸ್ಥಳ ನೋಡುವಾಗ ಮೈಕೈ ನೋವು, ಅಜೀರ್ಣಗಳನ್ನು ನಿರೀಕ್ಷಿಸಿ ಔಷಧಿ ಕಟ್ಟಿಕೊಂಡೇ ಹೊರಡುತ್ತೇವೆ. ಆದರೆ ‘ಇವತ್ತು ಏನೂ ಕಾರ್ಯಕ್ರಮವಿಲ್ಲ, ಸುಮ್ಮನೆ ಅಂಗಡಿ ಸುತ್ತೋಣ, ಸಿಕ್ಕಿದ್ದು ತಿನ್ನೋಣ’ ಎನ್ನುವ ದಿನವೇ ಮನೆಯ ಹಿರಿಯರಿಗೆ, ಅದರಲ್ಲೂ ಮಧುಮೇಹಿಗಳಿಗೆ, ಹೆಚ್ಚು ಅಪಾಯದ್ದು ಎಂಬುದು ನನ್ನ ಅಭಿಪ್ರಾಯ. ಮೂವತ್ತು ವರ್ಷ ವೈದ್ಯನಾಗಿದ್ದೂ ಈ ಪಾಠವನ್ನು ನಾನು ಕಲಿತದ್ದು ಜಪಾನಿನ ಕ್ಯೋಟೊ ನಗರದ ಒಂದು ಮಾರುಕಟ್ಟೆಯಲ್ಲಿ, ನನ್ನ ಸ್ವಂತ ಅಣ್ಣನಿಂದ.

ಮಗ ಕೆಲಸದ ನಿಮಿತ್ತ ಒಸಾಕಾದಲ್ಲಿದ್ದಾನೆ. ನವೆಂಬರ್ ತಿಂಗಳಲ್ಲಿ ನಾನು, ನನ್ನಾಕೆ, ಅಣ್ಣ, ಅತ್ತಿಗೆ ನಾಲ್ವರೂ ಅವನ ಮನೆಗೆ ಹೋಗಿದ್ದೆವು. ಅಣ್ಣನಿಗೆ ಅರವತ್ತೆಂಟು ವರ್ಷ. ಹದಿನೈದು ವರ್ಷಗಳಿಂದ ಮಧುಮೇಹ. ಬೆಳಿಗ್ಗೆ ಗ್ಲಿಮೆಪಿರೈಡ್ ಮಾತ್ರೆ ನುಂಗುವ ಅಭ್ಯಾಸ. ಶಿಸ್ತಿನ ಮನುಷ್ಯ, ಶುದ್ಧ ಸಸ್ಯಾಹಾರಿ. ಆ ದಿನ ಕ್ಯೋಟೊಗೆ ಹೋಗಿ ತಿನ್ನುವುದು, ಕೊಳ್ಳುವುದು, ಸಂಜೆ ಮನೆಗೆ ಬರುವುದು ಎಂದು ನಿರ್ಧಾರವಾಯಿತು. ‘ಹೇಗೂ ದಿನವೆಲ್ಲ ತಿನ್ನುವುದೇ ತಾನೆ?’ ಎಂದು ಎಲ್ಲರೂ ಎರಡು ಚೂರು ಬ್ರೆಡ್ಡು, ಕಾಫಿಯಲ್ಲಿ ಬೆಳಗಿನ ತಿಂಡಿ ಮುಗಿಸಿದೆವು. ಅಣ್ಣ ಮಾತ್ರೆಯನ್ನು ಮಾತ್ರ ಮರೆಯದೆ ನುಂಗಿದ.

ಒಸಾಕಾದಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ಇಳಿದು ಸ್ವಲ್ಪ ನಡೆದರೆ ಶಿಜೋ ರಸ್ತೆಯ ಪಕ್ಕದಲ್ಲೇ ನಿಶಿಕಿ ಮಾರುಕಟ್ಟೆ. ಸುಮಾರು 400 ಮೀಟರ್ ಉದ್ದದ, ಚಾವಣಿ ಹೊದಿಸಿದ ಕಿರಿದಾದ ಓಣಿ; ಎರಡೂ ಬದಿಯಲ್ಲಿ ನೂರಕ್ಕೂ ಹೆಚ್ಚು ಅಂಗಡಿಗಳು. ಉಪ್ಪಿನಲ್ಲಿ ಊರಿಸಿದ ಮೂಲಂಗಿ, ಬದನೆ, ಬಗೆಬಗೆಯ ಚಹಾ, ಅಡುಗೆಮನೆಯ ಚಾಕು, ಒಣಮೀನು ಎಲ್ಲವೂ ಅಲ್ಲಿದೆ. ನಡೆಯುತ್ತಾ ತಿನ್ನಬೇಡಿ, ಕೊಂಡ ಅಂಗಡಿಯ ಬಳಿಯೇ ನಿಂತು ತಿನ್ನಿ ಎಂದು ಅಲ್ಲಿನವರು ಗಿರಾಕಿಗಳನ್ನು ಕೇಳಿಕೊಳ್ಳುತ್ತಾರೆ. ಒಳ್ಳೆಯ ಪದ್ಧತಿ. ನಾವು ಮೂವರು ಅಲ್ಲಲ್ಲಿ ನಿಂತು ಚೂರುಪಾರು ರುಚಿ ನೋಡಿದೆವು. ಅಣ್ಣ ಮಾತ್ರ ಏನನ್ನೂ ಮುಟ್ಟಲಿಲ್ಲ. ಜಪಾನಿನ ಸಾರು, ಸಾಸುಗಳಲ್ಲಿ ಒಣಮೀನಿನ ರಸ ಬೆರೆತಿರುವುದು ಸಾಮಾನ್ಯ. ಆದ್ದರಿಂದ ಕಣ್ಣಿಗೆ ತರಕಾರಿಯಾಗಿ ಕಂಡದ್ದನ್ನೂ ನಂಬುವಂತಿರಲಿಲ್ಲ.

ಮಾರುಕಟ್ಟೆ ಮುಗಿಸಿ ದೊಡ್ಡ ಮಳಿಗೆಗಳಿಗೆ ಹೋದೆವು. ಒಂದು ಗಂಟೆಗೆ ಊಟ ಎಂದದ್ದು ‘ಇದೊಂದು ಅಂಗಡಿ ನೋಡಿಬಿಡೋಣ’ ಎನ್ನುತ್ತಾ ಎರಡೂವರೆಯಾಯಿತು. ಅಲ್ಲಿನ ಅನೇಕ ಊಟದ ಮನೆಗಳು ಮಧ್ಯಾಹ್ನ ಎರಡು, ಎರಡೂವರೆಗೆ ಬಾಗಿಲು ಹಾಕಿ ಮತ್ತೆ ತೆರೆಯುವುದು ಸಂಜೆ ಐದರ ಸುಮಾರಿಗೆ. ಮಗ ಗೊತ್ತು ಮಾಡಿದ್ದ ಸಸ್ಯಾಹಾರದ ಜಾಗದಲ್ಲಿ ಬಾಗಿಲು ಹಾಕಿತ್ತು.

ಆಗ ಅತ್ತಿಗೆ ತಾವು ಕೊಂಡಿದ್ದ ಅರಗಿನ ಬಟ್ಟಲನ್ನು ತೋರಿಸಿದರು. ಅಣ್ಣ ಬೀದಿಯಲ್ಲೇ ರೇಗಿಬಿಟ್ಟ. ‘ದುಡ್ಡೇನು ಮರದಲ್ಲಿ ಬೆಳೆಯುತ್ತಾ?’ ಎಂದು ಕೂಗಿದ. ನಲವತ್ತು ವರ್ಷದ ಸಂಸಾರದಲ್ಲಿ ನಾಲ್ಕು ಜನರ ಎದುರು ಹೆಂಡತಿಗೆ ದನಿ ಎತ್ತರಿಸದ ಮನುಷ್ಯ! ಅತ್ತಿಗೆಯ ಕಣ್ಣಲ್ಲಿ ನೀರು. ನಾನು ಸಮಾಧಾನ ಹೇಳಲು ಅಣ್ಣನ ಕೈ ಹಿಡಿದೆ. ಆ ಚಳಿಯಲ್ಲಿ ಅಂಗೈ ಒದ್ದೆ, ಬೆರಳು ನಡುಗುತ್ತಿತ್ತು. ಅದು ಕೋಪವಲ್ಲ, ರಕ್ತದ ಸಕ್ಕರೆ ಇಳಿಯುತ್ತಿದೆ ಎಂದು ವೈದ್ಯನಾದ ನನಗೆ ಹೊಳೆದದ್ದು ಆಗ.

ಗ್ಲುಕೋಮೀಟರ್ ಮನೆಯಲ್ಲಿತ್ತು. ನನ್ನ ಜೇಬಿನಲ್ಲಿ ಒಂದು ಪೆಪ್ಪರಮೆಂಟೂ ಇರಲಿಲ್ಲ. ಜಪಾನಿನಲ್ಲಿ ಬೀದಿಬೀದಿಗೂ ಪಾನೀಯ ಮಾರುವ ಯಂತ್ರಗಳಿವೆ. ನಾನೇ ಓಡಿಹೋಗಿ ಗುಂಡಿ ಒತ್ತಿ ಬಾಟಲಿ ತಂದೆ. ಅದು ಹಸಿರು ಚಹಾ, ಒಂದು ಹರಳು ಸಕ್ಕರೆಯೂ ಇಲ್ಲದ್ದು! ಮಗ ಹೋಗಿ ಕಿತ್ತಳೆ ರಸ ತಂದ. ಅಣ್ಣ ಕುಡಿದ. ಕಾಲು ಗಂಟೆಯಲ್ಲಿ ಬೆವರು ನಿಂತಿತು. ‘ನಾನೇನಾದರೂ ಅಂದೆನೇ?’ ಎಂದು ಅತ್ತಿಗೆಯನ್ನು ಕೇಳಿದ.

ಆಗಿದ್ದೇನು? ಗ್ಲಿಮೆಪಿರೈಡಿನಂಥ ಮಾತ್ರೆಗಳು ಇನ್ಸುಲಿನ್ ಸ್ರವಿಸುವಂತೆ ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸುತ್ತವೆ. ಹೊಟ್ಟೆಯಲ್ಲಿ ಅನ್ನವಿದೆಯೋ ಇಲ್ಲವೋ ಎಂದು ಅವು ವಿಚಾರಿಸುವುದಿಲ್ಲ. ಮೇಲಾಗಿ ನಡಿಗೆಯಿಂದ ಸ್ನಾಯುಗಳು ಹೆಚ್ಚು ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಅಂಗಡಿ ಸುತ್ತುವುದನ್ನು ನಾವು ನಡಿಗೆಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬ ಅರ್ಥದ ‘ಮಾನ್ಪೊಕೆಯ್’ ಎಂಬ ಉಪಕರಣ 1965ರಲ್ಲಿ ಮಾರುಕಟ್ಟೆಗೆ ಬಂದದ್ದು ಜಪಾನಿನಲ್ಲೇ. ಇಂದು ಎಲ್ಲರೂ ಜಪಿಸುವ ಹತ್ತು ಸಾವಿರದ ಲೆಕ್ಕ ಹಬ್ಬಿದ್ದು ಅಲ್ಲಿಂದ. ಆ ಮಧ್ಯಾಹ್ನದ ಹೊತ್ತಿಗೆ ಮಗನ ಮೊಬೈಲು ಹನ್ನೊಂದು ಸಾವಿರ ಹೆಜ್ಜೆ ತೋರಿಸುತ್ತಿತ್ತು. ಊರಿನಲ್ಲಿ ಅಣ್ಣ ನಡೆಯುವುದು ಅದರ ಮೂರರಲ್ಲೊಂದು ಪಾಲು. ಎಂದಿನ ಮಾತ್ರೆ, ಅರ್ಧ ತಿಂಡಿ, ಮೂರು ಪಟ್ಟು ನಡಿಗೆ, ಇಲ್ಲದ ಊಟ. ಇದಕ್ಕೆ ನಾವು ಇಟ್ಟಿದ್ದ ಹೆಸರು ‘ಆರಾಮದ ದಿನ’!

ಆದ್ದರಿಂದ ಪ್ರವಾಸ ಹೊರಡುವ ಕುಟುಂಬಗಳು ಕೆಲವು ಸಂಗತಿಗಳನ್ನು ನೆನಪಿಡಬೇಕು. ಮಾತ್ರೆಯ ಪ್ರಮಾಣವನ್ನು ನೀವಾಗಿಯೇ ಬದಲಿಸಬೇಡಿ; ನಡಿಗೆ ಹೆಚ್ಚಲಿದೆ ಎಂದು ಹೊರಡುವ ಮೊದಲೇ ನಿಮ್ಮ ವೈದ್ಯರಿಗೆ ತಿಳಿಸಿ ಸಲಹೆ ಪಡೆಯಿರಿ. ಗ್ಲುಕೋಮೀಟರ್ ಮತ್ತು ಸಕ್ಕರೆ ಪೊಟ್ಟಣ ಇರಬೇಕಾದದ್ದು ಸೂಟ್‌ಕೇಸಿನಲ್ಲಲ್ಲ, ಹೆಗಲ ಚೀಲದಲ್ಲಿ. ಬೆವರು, ನಡುಕ, ಕಾರಣವಿಲ್ಲದ ಸಿಡುಕು, ತೊದಲು ಮಾತು ಕಂಡರೆ ಸಕ್ಕರೆ ಇಳಿದಿರಬಹುದೆಂದು ಮೊದಲು ಶಂಕಿಸಿ. ಮೂರು ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ಅಥವಾ ಸಣ್ಣ ಲೋಟ ಹಣ್ಣಿನ ರಸ ಕೊಡಿ. ಕಾಲು ಗಂಟೆಯಲ್ಲಿ ಗುಣ ಕಾಣದಿದ್ದರೆ ಮತ್ತೊಮ್ಮೆ ಕೊಡಿ. ಚಾಕೊಲೇಟಿನ ಕೊಬ್ಬು ಸಕ್ಕರೆ ಹೀರಲ್ಪಡುವುದನ್ನು ತಡಮಾಡುತ್ತದೆ; ಅದು ತುರ್ತಿಗೆ ಒದಗದು. ಚೇತರಿಸಿಕೊಂಡ ಮೇಲೆ ಊಟ ಕಡ್ಡಾಯ, ಏಕೆಂದರೆ ಈ ಮಾತ್ರೆಗಳ ಪ್ರಭಾವ ಹಲವು ಗಂಟೆ ಉಳಿಯುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಂಬುಲೆನ್ಸ್ ಕರೆಯಿರಿ. ಜಪಾನಿನಲ್ಲಿ ಅದರ ಸಂಖ್ಯೆ 119.

ರಕ್ತದೊತ್ತಡವಿರುವವರಿಗೂ ಒಂದು ಮಾತು. ಜಪಾನೀಯರು ದೀರ್ಘಾಯುಷಿಗಳು, ಆದ್ದರಿಂದ ಅವರು ತಿನ್ನುವುದೆಲ್ಲ ಪಥ್ಯ ಎಂದು ತಿಳಿಯಬಾರದು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಪಾನೀಯರು ಸರಾಸರಿ ಅದರ ಇಮ್ಮಡಿಯಷ್ಟು ತಿನ್ನುತ್ತಾರೆ. ರಾಮೆನ್ ಬಟ್ಟಲಿನ ಸಾರನ್ನು ಪೂರ್ತಿ ಕುಡಿದರೆ ಅದೊಂದರಲ್ಲೇ ದಿನದ ಉಪ್ಪು ಮುಗಿದುಹೋಗುತ್ತದೆ. ನಾವು ಕಲಿಯಬೇಕಾದದ್ದು ಬೇರೆ ಇದೆ: ಚಿಕ್ಕ ಬಟ್ಟಲು, ಕುಳಿತು ಉಣ್ಣುವ ಪದ್ಧತಿ, ಹೊತ್ತಿಗೆ ಸರಿಯಾದ ಊಟ. ಕೈಬರಾ ಎಕಿಕೆನ್ ಎಂಬ ಪಂಡಿತ ‘ಯೋಜೋಕುನ್’ ಎಂಬ ಆರೋಗ್ಯಗ್ರಂಥ ಬರೆದಾಗ ಅವನಿಗೆ ಎಂಬತ್ತು ದಾಟಿತ್ತು. 1713ರಲ್ಲಿ ಪ್ರಕಟವಾದ ಆ ಪುಸ್ತಕದ ತಿರುಳು ಮಿತಾಹಾರ ಮತ್ತು ಊಟದ ನಂತರದ ನಡಿಗೆ. ನಮ್ಮ ಹಿರಿಯರೂ ಹೇಳುತ್ತಿದ್ದದ್ದು ಅದನ್ನೇ: ಮೊದಲು ಊಟ, ಆಮೇಲೆ ನಡಿಗೆ. ನಾವು ಕ್ಯೋಟೊದಲ್ಲಿ ಮಾಡಿದ್ದು ತಿರುಗುಮುರುಗು.

ಆ ರಾತ್ರಿ ಅಣ್ಣ ಹೇಳಿದ: ‘ನಾಳೆ ನೀವೆಲ್ಲ ಹೋಗಿ ಬನ್ನಿ. ನಾನು ಮನೆಯಲ್ಲೇ ಇರ್ತೀನಿ. ನನ್ನಿಂದ ನಿಮಗ್ಯಾಕೆ ತೊಂದರೆ?’ ನನಗೆ ಅತ್ಯಂತ ನೋವಾದದ್ದು ಈ ಮಾತಿನಿಂದ. ಎಷ್ಟೋ ಮನೆಗಳಲ್ಲಿ ಹಿರಿಯರು ಹೀಗೆಯೇ ಒಂದೊಂದೇ ಪ್ರವಾಸದಿಂದ, ಮದುವೆಯಿಂದ, ಹಬ್ಬದೂಟದಿಂದ ಹಿಂದೆ ಸರಿಯುತ್ತಾರೆ. ಕಾಯಿಲೆಗಿಂತ ‘ನಾನು ಹೊರೆ’ ಎಂಬ ಭಾವನೆಯೇ ಅವರನ್ನು ಮನೆಯಲ್ಲಿ ಕೂರಿಸುತ್ತದೆ. ತಪ್ಪು ಅಣ್ಣನ ದೇಹದ್ದಲ್ಲ, ನಮ್ಮ ಗಡಿಯಾರದ್ದು.

ಮರುದಿನ ಅಣ್ಣನನ್ನು ಬಿಟ್ಟು ನಾವು ಹೊರಡಲಿಲ್ಲ. ಹೊಟ್ಟೆ ತುಂಬ ಉಪ್ಪಿಟ್ಟು ತಿಂದು ಹೊರಟು, ಹನ್ನೊಂದೂವರೆಗೆಲ್ಲ ನಾನ್ಜೆನ್‌ಜಿ ದೇವಾಲಯದ ಬಳಿ ಕುಳಿತು ಬಿಸಿನೀರಿನಲ್ಲಿ ಬೇಯಿಸಿದ ತೋಫು, ಅನ್ನ ಉಂಡೆವು. ಮೀನಿನ ರಸ ಬೇಡವೆಂದು ಮಗ ಜಪಾನಿ ಭಾಷೆಯಲ್ಲಿ ಚೀಟಿ ಬರೆದು ತಂದಿದ್ದ. ಗಂಟೆಗೊಮ್ಮೆ ಕುಳಿತು ದಣಿವಾರಿಸಿಕೊಂಡೆವು. ನೋಡಿದ ಅಂಗಡಿ ಮೂರೇ. ಆದರೆ ಮೂರನೆಯದರಲ್ಲಿ ಅಣ್ಣ ತಾನಾಗಿಯೇ ನಿಂತು, ಆ ಬಟ್ಟಲಿಗೆ ಜೊತೆಯಾಗಲೆಂದು ಇನ್ನೊಂದನ್ನು ಅತ್ತಿಗೆಗೆ ಕೊಡಿಸಿದ.

ಮನೆಯ ಅತಿ ಹಿರಿಯರ ಹೊಟ್ಟೆ, ಕಾಲುಗಳನ್ನು ನೋಡಿಕೊಂಡು ದಿನವನ್ನು ರೂಪಿಸಿ. ಆಗ ಉಳಿದವರಿಗೂ ಅದು ನಿಜವಾದ ಆರಾಮದ ದಿನವಾಗುತ್ತದೆ.